ಮಡ್ಡಿಯ ಬೀಗತಿಗೆ ನೆಗಡಿ

ಐಗಳಿ ಊರಿನ ಆಚೆಯ ಮಡ್ಡಿಯಲ್ಲಿ, ಆ ಬಂಜರು ದಿನ್ನೆಯ ಬಯಲಿನಲ್ಲಿ, ಕುರಿ ಕಾಯುವ ಅಜ್ಜನೊಬ್ಬನಿದ್ದಾನೆ. ಅವನ ಬಾಯಲ್ಲಿ ತೋಳ ಎಂಬ ಶಬ್ದ ಬಂದದ್ದನ್ನು ನಾನು ಈವರೆಗೆ ಕೇಳಿಲ್ಲ. ತೋಳಗಳನ್ನು ಅವನು ಬೀಗರು ಎನ್ನುತ್ತಾನೆ. ಯಾಕೆ ಹಾಗೆ ಎಂದು ಒಮ್ಮೆ ಕೇಳಿದೆ.

"ಹೇಳದ ಕೇಳದ ಬರತಾರ. ಬಂದ್ರ ಕುರೀನ ಬೇಕ ಅಂತಾರ. ಉಂಡ ಮ್ಯಾಲ ಒಂದ ಮಾತ ನಿಂತ ಆಡೂದಿಲ್ಲ. ಬೀಗರು ಅನ್ನದ ಮತ್ತೇನ ಅನ್ನೂದ್ರಿ?"

ನನ್ನ ಬೀಗರನ್ನು ನೆನೆದುಕೊಂಡು ನಾನು ತಕರಾರು ತೆಗೆಯಲಿಲ್ಲ.

ನಾನು ಅಥಣಿ ತಾಲೂಕಿನ ದನದ ದವಾಖಾನೆಯೊಂದರಲ್ಲಿ ಪರೀಕ್ಷಕಿ; ಲಸಿಕೆ, ಸೂಜಿ, ಮುಲಾಮು ನನ್ನ ಕೆಲಸ. ಡಾಕ್ಟರಲ್ಲ. ಇದನ್ನು ಇಪ್ಪತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಎಲ್ಲರಿಗೂ ನಾನು ಡಾಕ್ಟರಬಾಯಿ. ನಿಜವಾದ ಡಾಕ್ಟರು ಮೂರು ದವಾಖಾನೆಗಳ ಚಾರ್ಜು ಹೊತ್ತು ಮೋಟರಸೈಕಲ್ ಮೇಲೆ ಊರೂರು ಸುತ್ತುತ್ತಿರುತ್ತಾರೆ. ಅವರು ಹೆಚ್ಚಾಗಿ ಸಿಗುವುದು ಫೋನಿನಲ್ಲಿ. ಇನ್ನು ನನ್ನ ಬಾಯಿ ಸ್ವಲ್ಪ ಜೋರು. ಎಮ್ಮೆ ಹಿಡಿದುಕೊಂಡು ಬಂದವರ ಕಾಲೆಳೆಯದೆ ಸೂಜಿ ಹಾಕಲು ನನಗೆ ಕೈಯೇ ಏಳುವುದಿಲ್ಲ. ಎಮ್ಮೆಗೂ ಅಷ್ಟರಲ್ಲಿ ಸೂಜಿ ಮರೆತುಹೋಗಿರುತ್ತದೆ ಎಂದು ನನ್ನ ಸಮರ್ಥನೆ. ಈ ಚಟ ಒಂದು ಸಲ ನನ್ನನ್ನು ಎಂಥ ತಪ್ಪಿಗೆ ಎಳೆಯಿತು ಎಂಬುದನ್ನು ಹೇಳಬೇಕಾಗಿದೆ.

ಅಜ್ಜನ ಕುರಿಹಟ್ಟಿಯಿಂದ ಒಂದು ಕೂಗಿನಷ್ಟು ದೂರದಲ್ಲಿ ಹಳ್ಳ ಇದೆ. ಅದರ ದಂಡೆಗೆ ಒಂದು ಚಪ್ಪಟೆ ಬಂಡೆ. ಅದು ಬೀಗರ ತಾಟು. ಹಟ್ಟಿಯಲ್ಲಿ ಸತ್ತುಹುಟ್ಟಿದ ಮರಿ, ಈದ ಕುರಿಯ ಮಾಸ, ಜಡ್ಡು ಬಿದ್ದು ಸತ್ತ ಕುರಿ, ಯಾವುದನ್ನೂ ಅಜ್ಜ ಹುಗಿಯುವುದಿಲ್ಲ, ಮಾರುವುದೂ ಇಲ್ಲ. ಒಯ್ದು ಆ ಬಂಡೆಯ ಮೇಲಿಡುತ್ತಾನೆ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಸತ್ತದ್ದನ್ನು ನಾವಾಗಿಯೇ ಕೊಟ್ಟರೆ ಬದುಕಿದ್ದಕ್ಕೆ ಬೀಗರು ಕೈ ಹಾಕುವುದಿಲ್ಲ ಎಂಬುದು ಲೆಕ್ಕಾಚಾರ. ಲೆಕ್ಕಾಚಾರ ಬಹುಮಟ್ಟಿಗೆ ನಡೆದೂ ಇತ್ತು.

ಒಂದು ದಿನ ಕುರಿಗಳಿಗೆ ಲಸಿಕೆ ಹಾಕಲು ಹೋದಾಗ ನಾನೇ ಕಣ್ಣಾರೆ ನೋಡಿದೆ. ಸಂಜೆಗೆ ಇನ್ನೂ ಹೊತ್ತಿತ್ತು. ಬಂಡೆಯ ಮೇಲೆ ಹಟ್ಟಿಯ ನಾಯಿಗಳು ಊಟಕ್ಕೆ ನಿಂತಿದ್ದವು. ದಿಬ್ಬದ ಮೇಲೆ ಬೂದು ಬಣ್ಣದ ಎರಡು ತೋಳಗಳು ಕೂತು ಕಾಯುತ್ತಿದ್ದವು. ನಾಯಿಗಳು ಮುಗಿಸಿ ಬಂಡೆಯಿಂದ ಇಳಿಯುತ್ತಲೇ ಅವು ಬಂದು ಅದೇ ಎಂಜಲಿಗೆ ಬಾಯಿ ಹಾಕಿದವು. ಒಂದು ನಾಯಿ ಹಿಂದೆ ಉಳಿದು ಮೂಸಿ ನೋಡಿತು, ಹೆಣ್ಣು ತೋಳವೂ ಮೂಸಿತು.

"ಅಲ್ಲ ಯಜ್ಜಾ, ಮನಿ ನಾಯಿಗೆ ಮೊದಲ ಪಂಕ್ತಿ, ಬೀಗರಿಗೆ ಎರಡನೇ ಪಂಕ್ತಿ. ಇದೆಂಥ ಮರ್ಯಾದಿ?" ಎಂದೆ.

"ಅವರಿಗೆ ಸಿಟ್ಟಿಲ್ಲ ಬಿಡ್ರಿ. ನಿಮಗ ಯಾಕ ಸಂಕಟ?" ಎಂದ.

ನಗುತ್ತ ಮನೆಗೆ ಬಂದೆ. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ತಿರುಗುವ ನನಗೆ, ಒಂದೇ ತಾಟಿನಲ್ಲಿ ನಾಯಿಯೂ ತೋಳವೂ ಉಣ್ಣುವುದು ನೋಡಿ ನಗು ಬಂತೇ ಹೊರತು ಮತ್ತೇನೂ ಹೊಳೆಯಲಿಲ್ಲ.

ಆ ಮಡ್ಡಿಯಲ್ಲಿ ಉಳಿದಿದ್ದದ್ದು ಅದೊಂದೇ ಜೋಡಿ. ಅಜ್ಜನ ಹುಡುಗತನದ ದಿನಗಳಲ್ಲಿ ಮೂರು ನಾಲ್ಕು ಹಿಂಡು ಇದ್ದವಂತೆ. ಈಗ ಒಂದು ಬದಿಗೆ ದ್ರಾಕ್ಷಿ ತೋಟ, ಇನ್ನೊಂದು ಬದಿಗೆ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು, ನಡುವೆ ಕಾಲುವೆ, ಅದರಾಚೆ ಲಾರಿ ಓಡಾಡುವ ರಸ್ತೆ. ಆ ಜೋಡಿಯ ಮೇಲೆ ಅಜ್ಜನಿಗಿದ್ದ ಜೀವ ಎಷ್ಟೆಂದರೆ, ಆ ವರ್ಷ ಸಂಕ್ರಾಂತಿಯಾದ ಮೇಲೆ ಹಳ್ಳದ ಪೊದೆಯಲ್ಲಿ ನಾಲ್ಕು ಮರಿಗಳನ್ನು ಕಂಡಾಗ ಅವನು ಅದನ್ನು ಹೇಳಲೆಂದೇ ಐದಾರು ಮೈಲಿ ನಡೆದು ದವಾಖಾನೆಗೆ ಬಂದ. ಬೇರೆ ಯಾವ ಕೆಲಸವೂ ಇರಲಿಲ್ಲ. ನನ್ನನ್ನು ಔಷಧದ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿ ಹೇಳಿದ.

"ನಾಕ ಅದಾವ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಫೋಟೋ ಹೊಡ್ಯಾಕ ಬರತಾರ."

"ಬಾಣಂತಿಗೆ ಕುಬಸ, ಖಣ ಒಯ್ಯಲೇನು ಯಜ್ಜಾ?" ಎಂದೆ. ಖುಷಿಯಲ್ಲಿ ಅವನಿಗೆ ಚೇಷ್ಟೆಯೂ ತಿಳಿಯಲಿಲ್ಲ. ಬ್ಯಾಡ್ರಿ, ಈಗ ಹತ್ತಿರ ಹೋಗೂದ ಬ್ಯಾಡ, ಎಂದು ಗಂಭೀರವಾಗಿ ಉತ್ತರ ಕೊಟ್ಟು ಹೋದ.

ಅದಕ್ಕೆ ಮೊದಲು ಒಂದೂವರೆ ತಿಂಗಳು ಅವನು ಹಟ್ಟಿಯಲ್ಲಿರಲಿಲ್ಲ. ಜುಗೂಳ, ಉಗಾರದ ಕಡೆ ಕೃಷ್ಣಾ ದಂಡೆಯಲ್ಲಿ ಕಬ್ಬು ಕಡಿದು ಬಯಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ. ಅಜ್ಜನ ಹಿಂಡು ಪ್ರತಿ ವರ್ಷ ಹೋಗುತ್ತದೆ. ಆ ದಿನಗಳಲ್ಲಿ ಅಲ್ಲಿ ಕಬ್ಬು ಕಡಿಯುವವರ ಗುಡಿಸಲುಗಳು, ಗುಡಿಸಲಿಗೆ ಎರಡೆರಡು ನಾಯಿ. ಈ ಸಲ ಹೋಗುವಾಗ ಅಜ್ಜನ ಜೊತೆ ನಾಲ್ಕು ನಾಯಿಗಳಿದ್ದವು, ತಿರುಗಿ ಬರುವಾಗ ಎರಡು. ಎಳೆಯವು ಎರಡೂ ಅಲ್ಲೇ ತೀರಿದ್ದವು. ಇಲಿ ಪಾಷಾಣ ತಿಂದವು ಎಂದುಕೊಂಡಿದ್ದ. ಉಳಿದವುಗಳಲ್ಲಿ ಕರಿ ಹೆಣ್ಣುನಾಯಿ, ಅವನ ಬಲಗೈ, ಸ್ವಲ್ಪ ಕೆಮ್ಮುತ್ತಿತ್ತು. ನದಿ ದಂಡೆಯ ಥಂಡಿ ಎಂದುಕೊಂಡ. ಇದನ್ನೆಲ್ಲ ಅವನು ಆಗ ನನಗೆ ಹೇಳಲಿಲ್ಲ. ನಾನು ಕುಬಸದ ಮಾತಿನಲ್ಲಿದ್ದೆ, ಕೇಳಲಿಲ್ಲ.

ಹತ್ತು ಹನ್ನೆರಡು ದಿನ ಬಿಟ್ಟು ಅಜ್ಜ ಮತ್ತೆ ಬಂದ. ಅಂದು ದವಾಖಾನೆಯ ಮುಂದೆ ಗರ್ದಿ. ಆಡು, ಎಮ್ಮೆ, ಒಂದು ಕೋಳಿ ಬುಟ್ಟಿ. ಅಜ್ಜ ಜನರ ನಡುವೆಯೇ ನಿಂತು ಹೇಳಿದ:

"ಬಾಯಾರ, ಬೀಗತಿಗೆ ನೆಗಡಿ ಆಗೈತ್ರಿ. ಮೂಗ ಸೋರತೈತಿ, ಕಣ್ಣಾಗ ಪಿಚ್ಚ ಬಂದೈತಿ. ತಾಟಿಗೆ ಬರತಾಳ, ಉಣ್ಣೂದಿಲ್ಲ."

ಆ ಕ್ಷಣ ನನಗೆ ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ಕೈಯಲ್ಲಿ ಒಂದು ಆಡಿನ ಕಿವಿ ಹಿಡಿದಿದ್ದೆ. ತಲೆ ಎತ್ತದೆಯೇ ಎಂದೆ:

"ಶುಂಠಿ ಮೆಣಸು ಹಾಕಿ ಕಷಾಯ ಕಾಸಿ ಕೊಡು ಯಜ್ಜಾ. ಕುಡ್ಯಾಕ ಒಲ್ಲೆ ಅಂದ್ರ ಬೀಗನ ಕಡೆ ಹೇಳಸು."

ಗರ್ದಿಯೆಲ್ಲ ಗೊಳ್ಳೆಂದಿತು. ಅಜ್ಜನೂ ನಕ್ಕ. ನಗುತ್ತ ಸ್ವಲ್ಪ ಹೊತ್ತು ನಿಂತಿದ್ದ. ಬಳಿಕ ಕಂಬಳಿ ಸರಿಮಾಡಿಕೊಂಡು ಹೊರಟುಹೋದ. ಐದಾರು ಮೈಲಿ ನಡೆದು ಬಂದವನು ಒಂದು ಉತ್ತರವಿಲ್ಲದೆ ಐದಾರು ಮೈಲಿ ನಡೆದು ಹೋದ.

ಎಂಟು ದಿನಗಳ ನಂತರ ಕರಿ ನಾಯಿಯನ್ನು ಹಾಲಿನ ಟೆಂಪೊದಲ್ಲಿ ಹಾಕಿಕೊಂಡು ಬಂದ. ನಾಯಿಯ ಒಂದು ಕಾಲು ತಾನಾಗಿಯೇ ಝಾಡಿಸುತ್ತಿತ್ತು. ಅಂಗಾಲಿನ ಚರ್ಮ ಗಟ್ಟಿಯಾಗಿತ್ತು.

"ಏನರ ತಿಂದಂಗ ಬಾಯಿ ಆಡಸ್ತೈತ್ರಿ. ಬಾಯಾಗ ನೋಡಿದ್ರ ಏನೂ ಇಲ್ಲ" ಎಂದ.

ನಾಯಿಗಳ ಡಿಸ್ಟೆಂಪರ್ ರೋಗವನ್ನು ಪುಸ್ತಕದಲ್ಲಿ ಓದಿದವರೂ ಆ ದವಡೆ ನೋಡಿ ಗುರುತು ಹಿಡಿಯಬಹುದು. ಡಾಕ್ಟರಿಗೆ ಫೋನಿನಲ್ಲಿ ವಿಡಿಯೊ ತೋರಿಸಿದೆ, ಅವರೂ ಅದನ್ನೇ ಹೇಳಿದರು. ಆಗ ಅಜ್ಜನನ್ನು ಕೂರಿಸಿಕೊಂಡು ಒಂದೊಂದೇ ಕೇಳಿದೆ. ಉಗಾರದ ಗುಡಿಸಲುಗಳು, ಸತ್ತ ಎರಡು ಎಳೆ ನಾಯಿಗಳು, ಕೆಮ್ಮು, ತಾಟು. ಕೊನೆಗೆ ನಾನು ಕೇಳಬಾರದೆಂದು ಅಂದುಕೊಂಡದ್ದನ್ನು ಅವನೇ ಹೇಳಿದ. ಬೀಗತಿಯ ಮೂಗು.

ಈ ರೋಗ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವನಿಗೆ ತಿಳಿಸಿ ಹೇಳಬೇಕಾಯಿತು. ಅದೃಷ್ಟಕ್ಕೆ ಮಕ್ಕಳಿಗೆ ಬರುವ ದಡಾರ ಇದರ ಹತ್ತಿರದ ನೆಂಟ, ನಾವು ಕುರಿಗೆ ಲಸಿಕೆ ಹಾಕುವ ಪಿ.ಪಿ.ಆರ್. ರೋಗವೂ ಅದೇ ವಂಶ. ದಡಾರ ಹೋದ ಮೇಲೂ ಮಕ್ಕಳು ತಿಂಗಳುಗಟ್ಟಲೆ ಕೆಮ್ಮು ಭೇದಿಗೆ ಸಿಕ್ಕಿ ಸೊರಗುವುದನ್ನು ಅಜ್ಜ ನೋಡಿದ್ದ. ಮೈಯೊಳಗೆ ರೋಗವನ್ನು ತಡೆಯುವ ಕಾವಲುಗಾರರಿರುತ್ತಾರೆ. ಬೇರೆ ರೋಗಗಳು ಅವರ ಕಣ್ಣು ತಪ್ಪಿಸಿ ನುಗ್ಗುತ್ತವೆ, ಇದು ಮೊದಲು ಹೋಗಿ ಆ ಕಾವಲುಗಾರರನ್ನೇ ಕೊಲ್ಲುತ್ತದೆ. ಆಮೇಲೆ ಸಣ್ಣ ಕಜ್ಜಿ, ಸಣ್ಣ ಕೆಮ್ಮು, ಹೊಟ್ಟೆಯ ಜಂತು, ಯಾವುದು ಬಂದರೂ ಬಾಗಿಲು ತೆರೆದೇ ಇರುತ್ತದೆ ಎಂದೆ.

"ಬೀಗರು ಗಟ್ಟಿ ಮಂದಿ ಅಲ್ರಿ. ತಡಕೊಳ್ಳೂದಿಲ್ಲೇನ?"

ಅದಕ್ಕೂ ಉತ್ತರ ಹೇಳಬೇಕಾಯಿತು. ಹಿಂಡುಗಳು ಹಲವು ಇದ್ದಾಗ ಹೊರಗಿನಿಂದ ಗಂಡು ಹೆಣ್ಣು ಬರುತ್ತಿದ್ದವು. ಈಗ ಒಂದೇ ಮನೆಯಷ್ಟು ಉಳಿದಿವೆ, ತಮ್ಮ ತಮ್ಮಲ್ಲೇ ಕೂಡಬೇಕು. ಹಾಗೆ ತಲೆಮಾರು ಕಳೆದರೆ ಎಲ್ಲವುಗಳ ಮೈಯ ಕಾವಲೂ ಒಂದೇ ಬಗೆಯದಾಗುತ್ತದೆ. ಒಂದನ್ನು ಮಣಿಸಿದ ರೋಗಕ್ಕೆ ಉಳಿದವನ್ನು ಮಣಿಸುವುದು ಕಷ್ಟವಲ್ಲ.

ಅಜ್ಜ ನನ್ನನ್ನೇ ನೋಡಿದ. ನಾನು ನಮ್ಮವ್ವನ ಖಾಸ ತಮ್ಮನನ್ನು, ನನ್ನ ಸೋದರಮಾವನನ್ನೇ ಮದುವೆಯಾದವಳು. ಇದು ತಾಲೂಕಿಗೇ ಗೊತ್ತು.

"ಅಂದ್ರ ನಿಮ್ಮ ಮನಿಗೆ ಬಂದಂಗ ಅನ್ರಿ" ಎಂದ.

ಅಂಥ ಹೊತ್ತಿನಲ್ಲೂ ಇಬ್ಬರಿಗೂ ನಗು ಬಂತು. ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದರೆ ಅವನು ಪೇಪರಿನಿಂದ ಮುಖ ತೆಗೆಯದೆ, "ಅದಕ್ಕ ನೋಡು, ಮನ್ಯಾಗ ನಿನಗ ನೆಗಡಿ ಬಂದ್ರ ನನಗೂ ಬರತೈತಿ" ಎಂದ.

ಆದರೆ ದವಾಖಾನೆಯಲ್ಲಿ ಆ ನಗು ನಿಂತ ಮೇಲೆ ಅಜ್ಜ ಮರಿಗಳ ಸುದ್ದಿ ಎತ್ತಿದ. ಕುರಿಮರಿಗೆ ಮೊದಲ ದಿನ ಗಿಣ್ಣದ ಹಾಲು ಕುಡಿಸದಿದ್ದರೆ ಜಡ್ಡು ಬೀಳುತ್ತದೆ ಎಂದು ನಾನೇ ಪ್ರತಿ ವರ್ಷ ಅವನಿಗೆ ಬೋಧಿಸುತ್ತಿದ್ದೆ.

"ಆ ನಾಕೂ ತಾಯಿ ಗಿಣ್ಣ ಕುಡದಾವಲ್ರಿ? ಅದರಾಗ ಶಕ್ತಿ ಇರತೈತಿ ಅಂದಿದ್ರಿ."

ತಾಯಿಯ ಮೈ ಹಿಂದೆ ಎದುರಿಸಿ ಗೆದ್ದ ರೋಗಕ್ಕೆ ಮಾತ್ರ ಗಿಣ್ಣದಲ್ಲಿ ಬಲ ಇಳಿಯುತ್ತದೆ. ಈ ರೋಗ ಅವಳಿಗೇ ಹೊಸದು. ಮರಿಗಳಿಗೆ ಅವಳು ಏನು ಕೊಟ್ಟಾಳು? ಅದನ್ನು ಹೇಳಿದೆ. ಅಜ್ಜ ಕೇಳಿದ:

"ಅಂದ್ರ ನಾನ ಉಣಿಸಿ ಕೊಂದ್ನೇನ್ರಿ?"

ನೀನಲ್ಲ ಯಜ್ಜಾ, ನೀನು ಬಂದು ಹೇಳಿದಿ, ನಾನು ಕಷಾಯ ಹೇಳಿ ಕಳಿಸಿದೆ, ಅಂದೇ ನಾಯಿ ಕಟ್ಟಿಸಿ ತಾಟು ಬಂದ್ ಮಾಡಿಸಿದ್ದರೆ ಎಂಟು ದಿನ ಉಳಿಯುತ್ತಿತ್ತು, ಮರಿಗಳ ಮಟ್ಟಿಗೆ ಅದು ದೊಡ್ಡ ಮಾತು ಎಂದೆ. ಅವನ ಕೈ ಹಿಡಿದುಕೊಂಡೇ ಹೇಳಿದೆ. ಬಿಡ್ರಿ, ನೀವು ಯಾವಾಗಲೂ ಹಂಗ ಮಾತಾಡತೀರಿ ಅಂತ ನನಗ ಗೊತ್ತಿತ್ತಲ್ಲ, ಎಂದ. ಅದು ಸಮಾಧಾನವೋ ಆಕ್ಷೇಪಣೆಯೋ ನಾನು ವಿಚಾರಿಸಲು ಹೋಗಲಿಲ್ಲ. ಎರಡೂ ನನಗೆ ಸಲ್ಲಬೇಕಾದ್ದೇ.

ಕರಿ ನಾಯಿ ನಾಲ್ಕನೇ ದಿನ ತೀರಿತು. ಆಳವಾದ ಕುಣಿ ತೆಗೆದು, ಉಪ್ಪು ಸುಣ್ಣ ಹಾಕಿ ಹುಗಿದೆವು.

ಮರುದಿನ ಮಧ್ಯಾಹ್ನ ಅರಣ್ಯ ಇಲಾಖೆಯ ಗಾರ್ಡ್ ಫೋನ್ ಮಾಡಿ, ದ್ರಾಕ್ಷಿ ತೋಟದ ದಾರಿಯಲ್ಲಿ ಹುಚ್ಚು ಹಿಡಿದ ತೋಳ ಬಂದಿದೆಯಂತೆ, ಜನ ಬಡಿಗೆ ಹಿಡಿದು ಕೂಡಿದ್ದಾರೆ, ತಾನು ಬರುವವರೆಗೆ ಹೊಡೆಯದಂತೆ ನೋಡಿಕೊಳ್ಳಿ ಎಂದ. ನಾನು ಮುಟ್ಟುವಷ್ಟರಲ್ಲಿ ಅಜ್ಜ ಅಲ್ಲಿದ್ದ. ಬಡಿಗೆಗಳಿಗೂ ತೋಳಕ್ಕೂ ನಡುವೆ ಕಂಬಳಿ ಹರವಿ ಹಿಡಿದು ನಿಂತಿದ್ದ. ಹೆಣ್ಣು ತೋಳ ಜಾಲಿಯ ನೆರಳಿನಲ್ಲಿ ಕುಸಿದಿತ್ತು. ಕಣ್ಣು ಮೆತ್ತಿಕೊಂಡಿದ್ದವು. ಮೈತುಂಬ ಕಜ್ಜಿ. ಬಾಯಲ್ಲಿ ಏನೋ ಇದ್ದಂತೆ ದವಡೆ ಆಡುತ್ತಿತ್ತು. ಮನುಷ್ಯರ ಗದ್ದಲಕ್ಕೆ ಕಿವಿಯೂ ನಿಮಿರಲಿಲ್ಲ. ಜನರಿಗೆ ದೂರದಿಂದಲೇ ಎಲ್ಲ ತಿಳಿಸಿ ಹೇಳಿದೆ; ಇದು ಹುಚ್ಚಲ್ಲ, ನಮ್ಮ ನಾಯಿಗಳಿಂದ ಅದಕ್ಕೆ ಹತ್ತಿದ ಜಡ್ಡು ಎಂದೆ. ಒಬ್ಬೊಬ್ಬರೇ ಬಡಿಗೆ ಇಳಿಸಿದರು. ಗಾರ್ಡ್ ಬಲೆ ತರುವುದಕ್ಕೆ ಮೊದಲೇ ಅದರ ಉಸಿರು ನಿಂತಿತು. ನಾನು ಅಷ್ಟು ಜನರ ಮುಂದೆ ಅತ್ತೆ. ಪರೀಕ್ಷೆಗೆಂದು ಇಲಾಖೆಯವರು ಒಯ್ದರು, ಅದೇ ರೋಗವೆಂದು ಆಮೇಲೆ ಗಾರ್ಡ್ ತಿಳಿಸಿದ.

ಇನ್ನು ಗಂಡು, ನಾಲ್ಕು ಮರಿ. ಕಾಡಿನ ಪ್ರಾಣಿಯನ್ನು ಹಿಡಿದು ಸೂಜಿ ಹಾಕುವ ಕೆಲಸ ನಮ್ಮ ಕೈಯದಲ್ಲ. ಸುತ್ತಲಿನ ನಾಯಿಗಳಿಗೆ ಲಸಿಕೆ ಹಾಕಿದರೆ ಹೊಸದಾಗಿ ರೋಗ ಹೋಗುವುದಾದರೂ ನಿಲ್ಲುತ್ತದೆ. ಆ ಲಸಿಕೆ ನಮ್ಮ ದವಾಖಾನೆಗೆ ಬರುವುದಿಲ್ಲ. ಡಾಕ್ಟರೂ ನಾನೂ ಸೇರಿ ಹೇಗೋ ಹಣ ಹೊಂದಿಸಿದೆವು, ನಾನು ಕಾಗವಾಡ ದಾಟಿ ಮಿರಜಕ್ಕೆ ಹೋಗಿ ತಂದೆ. ಬರ್ಫ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದರೆ ಕಂಡಕ್ಟರ್, "ಕುಲ್ಫೀ ಏನ್ರಿ ಬಾಯಾರ?" ಎಂದ. ನಾಯಿಗಳಿಗೆ, ಎಂದೆ. ಅವನು ಅಥಣಿ ಬರುವವರೆಗೆ ನನ್ನ ಕಡೆ ತಿರುಗಿ ನೋಡಲಿಲ್ಲ.

ಎರಡು ದಿನ ಅಜ್ಜ ನನ್ನನ್ನು ಹಟ್ಟಿಯಿಂದ ಹಟ್ಟಿಗೆ, ತೋಟದಿಂದ ತೋಟಕ್ಕೆ ನಡೆಸಿದ. ನಾಯಿ ಹಿಡಿಯಲು ಬರುವ ಗಂಡಸರಿಗಿಂತ ಸಲಹೆ ಕೊಡಲು ಬರುವವರೇ ಹೆಚ್ಚು. ಒಬ್ಬಳು ಮುದುಕಿ, "ನಾಯಿ ಆರಾಮ ಐತವ್ವಾ, ಉಳದಿದ್ದ ನನ್ನ ಮಣಕಾಲಿಗೆ ಹಾಕು" ಎಂದು ಸೀರೆ ಎತ್ತಿ ಕುಳಿತಳು. ಒಂದು ತೋಟದ ಮಾಲಕರ ನಾಯಿ ನನ್ನ ಡಬ್ಬಿ ನೋಡಿ ಮಣೂಕದ ಶೆಡ್ಡಿನಲ್ಲಿ ಅಡಗಿತು, ಅದನ್ನು ಹುಡುಕಲು ಹೋದ ಮಾಲಕರೂ ಅರ್ಧ ತಾಸು ಹೊರಗೆ ಬರಲಿಲ್ಲ. ಸೂಜಿ ಹಾಕಿದ ದಿನವೇ ಕೆಲಸವಾಗುವುದಿಲ್ಲ, ಆ ರೋಗದ ಗುರುತು ಹಿಡಿಯಲು ಮೈ ಕಲಿಯಬೇಕು, ಎರಡು ವಾರ ಬೇಕು, ಅಲ್ಲಿಯವರೆಗೆ ನಾಯಿ ಕಟ್ಟಿರಬೇಕು, ಮೂರು ವಾರ ಬಿಟ್ಟು ಇನ್ನೊಂದು ಸೂಜಿ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಅದರಿಂದ ಊರಿಗೆ ಸ್ವಲ್ಪ ಆರಾಮವೂ ಆಯಿತಂತೆ. ಗಂಡ ಹೇಳಿದ್ದು.

ತಾಟು ನಿಲ್ಲಿಸುವುದಕ್ಕೆ ಮಾತ್ರ ಅಜ್ಜ ಜಗಳವಾಡಿದ. ತಾಯಿ ಇಲ್ಲದ ಮನೆಗೆ ಊಟ ಬಂದ್ ಮಾಡೂದು ಯಾವ ಧರ್ಮ, ಎಂದ. ನಾನು ಪಟ್ಟು ಬಿಡಲಿಲ್ಲ. ಊಟದ ಆಸೆಗೆ ಗಂಡು ತೋಳ ಬರುತ್ತದೆ, ಯಾರದೋ ಬಿಟ್ಟ ನಾಯಿಯೂ ಬರುತ್ತದೆ, ಮತ್ತೆ ಮೂಗಿಗೆ ಮೂಗು ತಾಗುತ್ತದೆ. ಕೊನೆಗೆ ಒಪ್ಪಿದ. ಅಂದಿನಿಂದ ಸತ್ತ ಕುರಿಮರಿಗಳನ್ನು ಹುಗಿಯತೊಡಗಿದ. ಹುಗಿಯುವ ದಿನ ಮಧ್ಯಾಹ್ನದ ರೊಟ್ಟಿ ತಾನೂ ತಿನ್ನುವುದಿಲ್ಲ ಎಂದು ಅವನ ಸೊಸೆ ನನ್ನ ಮುಂದೆ ದೂರು ಹೇಳಿದಳು.

ಆಮೇಲೆ ಮಡ್ಡಿ ಖಾಲಿಯಾಯಿತು. ದಿಬ್ಬದ ಮೇಲೆ ಯಾವುದೂ ಬಂದು ಕೂರಲಿಲ್ಲ. ಹಳ್ಳದ ಪೊದೆಯಲ್ಲಿ ಹೆಜ್ಜೆಗುರುತಿಲ್ಲ. ಗಾರ್ಡ್ ವಾರಕ್ಕೊಮ್ಮೆ ಸುತ್ತಿ ಬಂದು ತಲೆ ಅಲ್ಲಾಡಿಸುತ್ತಿದ್ದ. ಅಜ್ಜ ಲಸಿಕೆಗೆ, ಜಂತಿನ ಔಷಧಕ್ಕೆ ಬರುತ್ತಿದ್ದ. ನಾನು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ. ಹೋಳಿ ಹುಣ್ಣಿಮೆ ಹೋಯಿತು. ನಾನು ಎಮ್ಮೆಯವರ ಕಾಲೆಳೆಯುವುದನ್ನೂ ಕಡಿಮೆ ಮಾಡಿದ್ದೆ. ಬಾಯಾರಿಗೆ ಮೈಯಾಗ ಆರಾಮಿಲ್ಲೇನ್ರಿ ಎಂದು ಜನ ಡಾಕ್ಟರನ್ನು ಕೇಳಿದರಂತೆ.

ಯುಗಾದಿ ಕಳೆದು ಒಂದು ಬೆಳಿಗ್ಗೆ, ಇನ್ನೂ ಕಸ ಗುಡಿಸುತ್ತಿದ್ದೆ, ಅಜ್ಜ ಗೇಟಿನ ಹೊರಗಿನಿಂದಲೇ ಕೂಗಿದ.

"ಬಾಯಾರ, ಮರಿ ಒಯ್ದಾನ್ರಿ!"

ಬಂದು ಮೆಟ್ಟಿಲ ಮೇಲೆ ಕೂತ. ಏದುಸಿರು. ಹೊತ್ತು ಮೂಡುವಾಗ ಹಿಂಡು ಬಿಡುತ್ತಿದ್ದನಂತೆ. ಗಂಡು ತೋಳ ಹಳ್ಳದಿಂದ ಎದ್ದು ಬಂದು, ಹಿಂಡು ಒಡೆದು, ಓಡುತ್ತಿದ್ದ ಮರಿಯನ್ನು ಹಿಡಿದು, ಮುಳ್ಳುಬೇಲಿ ಜಿಗಿದು ಹೋಯಿತಂತೆ.

"ಯಾವ ಮರಿ?"

"ಛಲೋದ್ರಿ. ಎಲ್ಲಾದರಾಗ ಛಲೋದು. ಟಗರ ಮಾಡಬೇಕಂತ ಬಿಟ್ಟಿದ್ದೆ." ಮುಖವೆಲ್ಲ ನಗುತ್ತಿತ್ತು. "ಮರಿ ಬಾಯಾಗ ಹಿಡಕೊಂಡ ಬೇಲಿ ಜಿಗದಾನ್ರಿ. ನನ್ನ ಎದಿಮಟ ಬೇಲಿ. ಜಡ್ಡಿನಂವಗ ಅದು ಆಗ್ತೈತೇನ?"

ಆಗುವುದಿಲ್ಲ. ಕಾವಲು ಸತ್ತ ಮೈಗೆ ಅಂಥ ಓಟ, ಅಂಥ ಜಿಗಿತ ಸಾಧ್ಯವೇ ಇಲ್ಲ. ಅದನ್ನು ಅವನಿಗೆ ಹೇಳಿದೆ. ಮುಂದಿನದನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ಕಸಬರಿಗೆ ಕೈಯಲ್ಲೇ ಇತ್ತು. ಅಜ್ಜ ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡು ತಾನಾಗಿಯೇ ಹೇಳಿದ.

"ಬೇಲಿ ಆಚೆ ಎರಡ ನಿಂತಿದ್ವು."

"ಎರಡು?"

"ಸಣ್ಣವು. ಅಪ್ಪ ಮರಿ ಕೆಳಗ ಇಡೂದ ತಡ, ಅದರ ಮ್ಯಾಲ ಬಿದ್ದ ಜಗಳಾಡಿದ್ವು."

"ಸರಿಯಾಗಿ ನೋಡಿದ್ಯಾ ಯಜ್ಜಾ? ಎರಡ?"

"ಮುನ್ನೂರ ಕುರಿ ಎಣಸಾಂವಗ ಎರಡ ಎಣಸಾಕ ಬರೂದಿಲ್ಲೇನ್ರಿ?" ಎಂದ.

ನಾನು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ನಾಲ್ಕರಲ್ಲಿ ಎರಡು. ಇನ್ನೆರಡರ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಅಜ್ಜ ಮತ್ತೆ ಮೊದಲಿನಿಂದ ಹೇಳತೊಡಗಿದ, ಹಳ್ಳದಿಂದ ಹೇಗೆ ಎದ್ದು ಬಂತು, ಬೇಲಿ ಎಷ್ಟು ಎತ್ತರ, ಸಣ್ಣವು ಯಾವ ಕಡೆ ನಿಂತಿದ್ದವು. ಅಷ್ಟರಲ್ಲಿ ಎಮ್ಮೆಗಳು ಬರತೊಡಗಿದ್ದವು. ಬಂದವರಿಗೆಲ್ಲ ಸ್ವಲ್ಪ ತಡೀರಿ ಎಂದು ಹೇಳಿ, ನಾನು ಅವನ ಮಾತು ಕೊನೆಯವರೆಗೆ ಕೇಳಿದೆ.